ಏಳು ಸಾವಿರಕ್ಕೆ ಯಾವ ಗೇಮ್ ಡಬ್ಬಿ?

ಹೊಳಲ್ಕೆರೆಯ ನಮ್ಮ ಗೆಳೆಯ ಈ ಸಲದ ಅಡಿಕೆ ಸೀಸನ್ನಿನಲ್ಲಿ ಭಾನುವಾರ, ಹಬ್ಬದ ರಜೆ ಎಲ್ಲಾ ಸೇರಿಸಿ ಅಡಿಕೆ ಸುಲಿಯೋಕೆ ಹೋಗಿದ್ದ. ಬಸ್ ಪಾಸು, ಜೆರಾಕ್ಸು, ಪರೀಕ್ಷೆ ಫೀ ಎಲ್ಲ ಕಳೆದು ಕೈಯಲ್ಲಿ ಏಳು ಸಾವಿರ ಉಳಿಯಿತು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೂತಾಗ, “ಹಳೇ ವಿಡಿಯೋ ಗೇಮ್ ಆಡೋಕೆ ಒಂದು ಡಬ್ಬಿ ತಗೋಬೇಕು ಕಣ್ರೋ, ಯಾವುದು ತಗೊಳ್ಳಲಿ?” ಅಂತ ಕೇಳಿದ.

ಐದು ನಿಮಿಷದಲ್ಲಿ ಎಂಟು ಉತ್ತರ ಬಂತು. ಒಬ್ಬ ಸ್ಟೀಮ್ ಡೆಕ್ ಅಂದ, ಒಬ್ಬಳು ಫೋನೇ ಸಾಕು ಅಂದಳು, ಇನ್ನೊಬ್ಬ ಯಾವುದೋ ಯೂಟ್ಯೂಬ್ ವಿಡಿಯೋ ತೆಗೆದು ಎದುರಿಗೆ ಹಿಡಿದ. ಯಾರೊಬ್ಬರೂ ತಾವು ಹೇಳಿದ ಡಬ್ಬಿಯನ್ನ ಕೈಯಲ್ಲಿ ಹಿಡಿದವರಲ್ಲ. ದುಡ್ಡು ಅವನದು, ಬೆರಳಿನ ಅಡಿಕೆ ಕರೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಬಾಯಿಗೆ ಬಂದದ್ದು ಹೇಳಿ ಕಳಿಸೋಕೆ ನಮಗೆ ಮನಸ್ಸಾಗಲಿಲ್ಲ. ಹಾಗಾಗಿ ಸಿಕ್ಕಷ್ಟು ಡಬ್ಬಿ ಒಟ್ಟು ಮಾಡಿ, ಎರಡು ವಾರ ಆಡಿ ನೋಡಿದ್ವಿ. ಈ ಲೇಖನ ಆ ಎರಡು ವಾರದ್ದು.

ಒಟ್ಟು ಮಾಡಿದ್ದು ಹೀಗೆ. ಹಿರಿಯೂರಿನವಳು ತನ್ನ ತಮ್ಮನಿಗೆ ತೇರುಮಲ್ಲೇಶ್ವರನ ಜಾತ್ರೆಯಲ್ಲಿ ಕೊಡಿಸಿದ್ದ ‘400 ಇನ್ 1’ ಆಟಿಕೆ ತಂದಳು. ಹೊಸದುರ್ಗದವನು ಚಿಕ್ಕಪ್ಪನ ಮಗ ಬಳಸಿ ಬಿಟ್ಟಿದ್ದ ಹಳೇ ಪಿಎಸ್‌ಪಿ ಹುಡುಕಿ ತಂದ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಒಬ್ಬ ಸೀನಿಯರ್ ಊರಿಗೆ ಬಂದವರು ತಮ್ಮ ಹತ್ತಿರವಿದ್ದ ಎರಡನ್ನ ಬಿಟ್ಟು ಹೋದರು: ಮಿಯೂ ಮಿನಿ ಪ್ಲಸ್, ಆನ್‌ಬರ್ನಿಕ್ ಕಂಪನಿಯ ಆರ್‌ಜಿ35ಎಕ್ಸ್‌ಎಕ್ಸ್ ಎಚ್. ಫೋನು ಎಲ್ಲರ ಜೇಬಿನಲ್ಲೂ ಇತ್ತು. ಸ್ಟೀಮ್ ಡೆಕ್ ಯಾರ ಹತ್ತಿರವೂ ಇರಲಿಲ್ಲ. ಅದು ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟಕ್ಕೇ ಬಂದಿಲ್ಲ, ಹೊರಗಿಂದ ತರಿಸಿದವರು ಹೇಳಿದ್ದೇ ರೇಟು. ಅದೇ ಜಾತಿಯ ಆಸುಸ್ ಆರ್‌ಒಜಿ ಆಲೈ 2023ರಲ್ಲಿ ಇಲ್ಲಿ ಸುಮಾರು 70 ಸಾವಿರಕ್ಕೆ ಬಂತು. ಏಳು ಸಾವಿರದ ಪ್ರಶ್ನೆಗೆ ಎಪ್ಪತ್ತು ಸಾವಿರದ ಉತ್ತರ ಬೇಡ, ಆ ಮಾತು ಇಲ್ಲಿಗೇ ಬಿಡೋಣ.

ಡಬ್ಬಿ ಒಳಗೆ ನಡೆಯೋದೇನು

ನಾಲ್ಕನೇ ಸೆಮ್ಮಿನ ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲಿ ಎಲ್‌ಪಿಸಿ2148 ಬೋರ್ಡಿಗೆ ಪ್ರೋಗ್ರಾಂ ಹಾಕಿದವರಿಗೆ ಒಂದು ಖುಷಿಯ ವಿಷಯ. ಆ ಚಿಪ್ಪಿನೊಳಗಿರುವುದು ಎಆರ್‌ಎಂ7 ಕೋರ್. 2001ರಲ್ಲಿ ಬಂದ ನಿಂಟೆಂಡೋ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಇದ್ದದ್ದೂ ಅದೇ ಮನೆತನದ್ದು, 16.78 ಮೆಗಾಹರ್ಟ್ಸ್ ವೇಗದಲ್ಲಿ. ನಮ್ಮ ಲ್ಯಾಬಿನ ಬೋರ್ಡ್ 60 ಮೆಗಾಹರ್ಟ್ಸ್‌ವರೆಗೂ ಓಡುತ್ತೆ. ಹಾಗಂತ ಅಡ್ವಾನ್ಸ್ ಆಟ ತಂದು ಲ್ಯಾಬ್ ಬೋರ್ಡಿಗೆ ಸುರಿದರೆ ಏನೂ ಆಗಲ್ಲ. ಆಟ ಬರೆದವನು ‘ಈ ವಿಳಾಸದಲ್ಲಿ ಪರದೆ ಇದೆ, ಈ ವಿಳಾಸದಲ್ಲಿ ಬಟನ್ ಇದೆ’ ಅಂತ ನಂಬಿ ಬರೆದಿರುತ್ತಾನೆ. ಆ ವಿಳಾಸದಲ್ಲಿ ನಮ್ಮ ಬೋರ್ಡಿನಲ್ಲಿ ಬೇರೆ ಏನೋ ಇರುತ್ತೆ, ಇಲ್ಲಾ ಏನೂ ಇರಲ್ಲ.

ಎಮ್ಯುಲೇಟರ್ ಮಾಡೋದು ಆ ನಂಬಿಕೆಯನ್ನ ಉಳಿಸೋ ಕೆಲಸ. ಹಳೇ ಪ್ರೊಸೆಸರಿನ ಒಂದೊಂದು ಇನ್‌ಸ್ಟ್ರಕ್ಷನ್ ತೆಗೆದು, ಅದೇನು ಅಂತ ಬಿಡಿಸಿ ನೋಡಿ, ಅದು ಮಾಡಬೇಕಾದ್ದನ್ನ ತಾನು ಮಾಡಿ ತೋರಿಸುತ್ತೆ. ಫೆಚ್, ಡಿಕೋಡ್, ಎಕ್ಸಿಕ್ಯೂಟ್. ಎರಡು ಮಾರ್ಕಿಗೆ ನಾವೆಲ್ಲ ಬರೆದದ್ದೇ. ಒಂದು ಹಳೇ ಇನ್‌ಸ್ಟ್ರಕ್ಷನ್‌ಗೆ ಹೊಸ ಪ್ರೊಸೆಸರಿನಲ್ಲಿ ಹತ್ತಾರು ಇನ್‌ಸ್ಟ್ರಕ್ಷನ್ ಖರ್ಚಾಗುತ್ತೆ. ಅದರ ಜೊತೆಗೆ ಚಿತ್ರದ ಚಿಪ್, ಸದ್ದಿನ ಚಿಪ್, ಟೈಮರ್ ಎಲ್ಲವೂ ಆ ಕಾಲದ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಬೇಕು. ಈ ತಾಳ ಎಷ್ಟು ಕರಾರುವಾಕ್ಕಾಗಿ ಇರಬೇಕು ಅನ್ನೋದರ ಮೇಲೆ ಖರ್ಚು ನಿಲ್ಲುತ್ತೆ. ಸೂಪರ್ ನಿಂಟೆಂಡೋವನ್ನ ಒಂದು ಸೈಕಲ್ಲೂ ತಪ್ಪದ ಹಾಗೆ ಅನುಕರಿಸಬೇಕು ಅಂದರೆ 3 ಗಿಗಾಹರ್ಟ್ಸ್ ಕಂಪ್ಯೂಟರ್ ಬೇಕು ಅಂತ ಬಿಸ್ನೆಸ್ ಎಮ್ಯುಲೇಟರ್ ಬರೆದವರು 2011ರಲ್ಲಿ ಲೆಕ್ಕ ಕೊಟ್ಟು ವಾದಿಸಿದ್ದರು. ಅದೇ ಆಟಗಳನ್ನ ಒಂದಿಷ್ಟು ರಾಜಿ ಮಾಡಿಕೊಂಡು 300 ಮೆಗಾಹರ್ಟ್ಸ್‌ನಲ್ಲಿ ಓಡಿಸುವ ಎಮ್ಯುಲೇಟರ್‌ಗಳೂ ಇದ್ದವು.

ಹಾಗಾಗಿ ‘ಈ ಡಬ್ಬಿ ಇಷ್ಟು ಕನ್ಸೋಲ್ ಓಡಿಸುತ್ತೆ’ ಅನ್ನೋ ಪಟ್ಟಿಯನ್ನ ಕಣ್ಣು ಮುಚ್ಚಿ ನಂಬಬೇಡಿ. ಗೇಮ್ ಬಾಯ್ 4.19 ಮೆಗಾಹರ್ಟ್ಸ್ ಯಂತ್ರ, ಅದನ್ನ ಇವತ್ತು ಏನು ಬೇಕಾದರೂ ಓಡಿಸುತ್ತೆ. ಮೊದಲ ಪ್ಲೇಸ್ಟೇಷನ್ 33.87 ಮೆಗಾಹರ್ಟ್ಸ್. ಅದಕ್ಕೆ ಇನ್‌ಸ್ಟ್ರಕ್ಷನ್ ಒಂದೊಂದಾಗಿ ಬಿಡಿಸದೆ, ಒಂದು ಕಂತೆಯನ್ನೇ ಹೊಸ ಪ್ರೊಸೆಸರಿನ ಭಾಷೆಗೆ ತಿರುಗಿಸಿಟ್ಟುಕೊಳ್ಳುವ ಉಪಾಯ ಇದೆ. ನಿಂಟೆಂಡೋ 64, ಡ್ರೀಮ್‌ಕಾಸ್ಟ್, ಪಿಎಸ್‌ಪಿ ಈ ಮೂರಕ್ಕೆ ಬಂದಾಗ ಅಗ್ಗದ ಡಬ್ಬಿಗಳು ಏದುಸಿರು ಬಿಡೋಕೆ ಶುರು ಮಾಡ್ತವೆ.

ಪರೀಕ್ಷೆಗೆ ನಮ್ಮದೇ ಆಟ

ಎಲ್ಲದರ ಮೇಲೂ ಒಂದೇ ಆಟ ಆಡಿ ನೋಡಿದರೆ ತಾನೇ ಹೋಲಿಕೆ ಆಗೋದು? ಆದರೆ ನೆಟ್ಟಿನಿಂದ ಇಳಿಸಿದ ಆಟವನ್ನ ಕ್ಲಬ್ಬಿನ ಹೆಸರಿನಲ್ಲಿ ಬಳಸೋದು ಸರಿ ಕಾಣಲಿಲ್ಲ. ಹಾಗಾಗಿ ಜಿಬಿ ಸ್ಟುಡಿಯೋ ಅನ್ನೋ ಉಚಿತ ಸಾಧನದಲ್ಲಿ ನಾವೇ ಒಂದು ಗೇಮ್ ಬಾಯ್ ಆಟ ಮಾಡಿದ್ವಿ. ಕೋಡ್ ಬರೆಯದೆಯೂ ಅದರಲ್ಲಿ ಆಟ ಕಟ್ಟಬಹುದು, ಕೊನೆಗೆ ನಿಜವಾದ ಗೇಮ್ ಬಾಯ್ ಯಂತ್ರದಲ್ಲೂ ಓಡುವ ಫೈಲ್ ಸಿಗುತ್ತೆ.

ಆಟ ಯಾವುದು ಅಂತ ಚಿತ್ರದುರ್ಗದವರಿಗೆ ಹೇಳಬೇಕಾಗಿಲ್ಲ. ಓಬವ್ವನ ಕಿಂಡಿ. ಹೈದರಾಲಿಯ ಸೈನಿಕ ಕಿಂಡಿಯಿಂದ ತಲೆ ಹಾಕುತ್ತಾನೆ, ‘ಎ’ ಬಟನ್ ಒತ್ತಿದರೆ ಒನಕೆ ಬೀಳುತ್ತೆ. ತಡವಾದರೆ ಅವನು ಒಳಗೆ. ಇಷ್ಟೇ. ಕೋಟೆ ಹತ್ತಿರವೇ ಮನೆ ಇರುವ ಗೆಳೆಯ ಕಿಂಡಿಯ ಫೋಟೋ ತೆಗೆದು ಕೊಟ್ಟ, ಹಿರಿಯೂರಿನವಳು ಅದನ್ನ ನಾಲ್ಕು ಛಾಯೆಯಲ್ಲಿ ಚುಕ್ಕಿ ಚುಕ್ಕಿ ಬಿಡಿಸಿದಳು. ಅವಳ ಓಬವ್ವ ಸ್ವಲ್ಪ ಅಡುಗೆ ಭಟ್ಟರ ಹಾಗೆ ಕಾಣ್ತಾಳೆ ಅಂತ ನಾವು ಅಂದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

ತಮಾಷೆಗೆ ಶುರು ಮಾಡಿದ ಆಟ ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗಿತ್ತು. ಗೇಮ್ ಬಾಯ್ ಪರದೆ ಸೆಕೆಂಡಿಗೆ ಸುಮಾರು 59.7 ಸಲ ಬದಲಾಗುತ್ತೆ, ಅಂದರೆ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್. ನಮ್ಮ ಸೈನಿಕನ ತಲೆ 20 ಫ್ರೇಮ್ ಹೊರಗಿರುತ್ತೆ, ಸುಮಾರು 335 ಮಿಲಿಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತೋಕೆ ಸಾಮಾನ್ಯ ಮನುಷ್ಯನಿಗೆ 250 ಮಿಲಿಸೆಕೆಂಡ್ ಹತ್ತಿರ ಬೇಕು. ಉಳಿದದ್ದು 85, ಅಂದರೆ ಐದು ಫ್ರೇಮ್. ಬಟನ್ ಒತ್ತಿದ ಮೇಲೆ ಅದು ಎಮ್ಯುಲೇಟರ್ ತಲುಪೋದು, ಲೆಕ್ಕವಾಗೋದು, ಪರದೆಗೆ ಬರೋದು ಎಲ್ಲವೂ ಆ ಐದು ಫ್ರೇಮಿನೊಳಗೆ ಆಗಬೇಕು. ಡಬ್ಬಿ ನಿಧಾನವಾದರೆ ಓಬವ್ವ ಸೋಲುತ್ತಾಳೆ, ತಪ್ಪು ನಿಮ್ಮದಲ್ಲ.

ತಡ ಎಷ್ಟಿದೆ ಅಂತ ಅಳೆಯೋಕೆ ಸುಲಭದ ದಾರಿ ಇದೆ. ಸ್ಲೋ ಮೋಷನ್ ಇರುವ ಫೋನಿನಲ್ಲಿ 240 ಎಫ್‌ಪಿಎಸ್ ಇಟ್ಟು, ಬೆರಳು ಮತ್ತು ಪರದೆ ಎರಡೂ ಕಾಣುವ ಹಾಗೆ ವಿಡಿಯೋ ತೆಗೀರಿ. ಬಟನ್ ಕೆಳಗೆ ಹೋದ ಕ್ಷಣದಿಂದ ಒನಕೆ ಅಲ್ಲಾಡುವವರೆಗೆ ಎಷ್ಟು ಚಿತ್ರ ಅಂತ ಎಣಿಸಿ, 4.17ರಿಂದ ಗುಣಿಸಿ. ನಾವೂ ಮಾಡಿದ್ವಿ. ಆದರೆ ಒಂದೇ ಡಬ್ಬಿಗೆ ಸಲಕ್ಕೊಂದು ಸಂಖ್ಯೆ ಬಂತು. ಹತ್ತು ಸಲ ಅಳೆದು ಸರಾಸರಿ ಅಂತ ಅಚ್ಚು ಹಾಕಿದರೆ ನಮ್ಮ ಮೆಷರ್‌ಮೆಂಟ್ಸ್ ಮೇಡಂ ಕರೆಸಿ ಬೈತಾರೆ. ಹಾಗಾಗಿ ಇಲ್ಲಿ ಸಂಖ್ಯೆ ಹಾಕಿಲ್ಲ, ಕೈಗೆ ತಿಳಿದದ್ದನ್ನಷ್ಟೇ ಬರೀತಿದ್ದೀವಿ.

ಜಾತ್ರೆ ಡಬ್ಬಿಗೆ ನಮ್ಮ ಆಟ ಹಾಕೋಕೇ ಆಗಲಿಲ್ಲ. ಅದರೊಳಗೆ ಎಮ್ಯುಲೇಟರ್ರೇ ಇಲ್ಲ. 1983ರ ನಿಂಟೆಂಡೋ ಫ್ಯಾಮಿಕಾಮ್ ಯಂತ್ರದ ಎಲ್ಲಾ ಚಿಪ್ಪುಗಳನ್ನ ಒಂದೇ ತುಂಡಿಗೆ ಇಳಿಸಿದ ನಕಲು ಯಂತ್ರ ಅದು. ನಮ್ಮ ಅಣ್ಣಂದಿರ ಕಾಲದಲ್ಲಿ ಟಿವಿಗೆ ಹಾಕಿ ಆಡ್ತಿದ್ದ ವಿಡಿಯೋ ಗೇಮಿನ ನೇರ ಮೊಮ್ಮಗ. ಆಟಗಳು ಕಾರ್ಖಾನೆಯಲ್ಲೇ ಸುಟ್ಟು ಬಂದಿರುತ್ತವೆ, ಸೇವ್ ಇಲ್ಲ. ಇಂಥ ನಕಲು ಚಿಪ್ಪುಗಳಲ್ಲಿ ಕೆಲವು ಸದ್ದಿನ ಡ್ಯೂಟಿ ಸೈಕಲ್ಲನ್ನ ಅದಲುಬದಲು ಮಾಡಿಕೊಂಡಿರುತ್ತವೆ. 25 ಶೇಕಡಾ ಇರಬೇಕಾದ ಕಡೆ 50. ಹಳೇ ಆಟದ ಸಂಗೀತ ಗೊತ್ತಿದ್ದವರಿಗೆ ‘ಏನೋ ಸರಿಯಿಲ್ಲ’ ಅನ್ನಿಸೋದು ಅದಕ್ಕೇ. ಆದರೂ ಎರಡು ಗುಣ ಒಪ್ಪಬೇಕು. ಬ್ಯಾಟರಿ ಹಳೇ ನೋಕಿಯಾ ಫೋನಿನ ಅಳತೆಯದು, ಸತ್ತರೆ ಯಾವ ಮೊಬೈಲ್ ಅಂಗಡಿಯಲ್ಲೂ ಸಿಗುತ್ತೆ. ನಡುವೆ ಎಮ್ಯುಲೇಟರ್ ಇಲ್ಲದ್ದರಿಂದ ಬಟನ್ನಿಗೂ ಪರದೆಗೂ ಅಂಥ ಅಂತರವೂ ಇಲ್ಲ.

ಫೋನಿನ ಕಥೆ ಉಲ್ಟಾ. ಶಕ್ತಿಯಲ್ಲಿ ಅಲ್ಲಿದ್ದ ಎಲ್ಲಾ ಡಬ್ಬಿಗಿಂತ ನಮ್ಮ ಹದಿನೈದು ಸಾವಿರದ ಫೋನೇ ಮುಂದು. ರೆಟ್ರೋಆರ್ಚ್, ಪಿಪಿಎಸ್‌ಎಸ್‌ಪಿಪಿ ಎರಡೂ ಪ್ಲೇ ಸ್ಟೋರಿನಲ್ಲೇ ಇವೆ. ಐಫೋನ್ ಇದ್ದವರಿಗೂ 2024ರ ಏಪ್ರಿಲ್‌ನಲ್ಲಿ ಆ್ಯಪಲ್ ಬಾಗಿಲು ತೆಗೆಯಿತು, ಡೆಲ್ಟಾ ಅನ್ನೋ ಆ್ಯಪ್ ಸಿಗುತ್ತೆ. ಸೋಲೋದು ಬೆರಳಿನಲ್ಲಿ. ಗಾಜಿನ ಮೇಲೆ ಬಟನ್ ಎಲ್ಲಿದೆ ಅಂತ ಬೆರಳಿಗೆ ತಿಳಿಯಲ್ಲ, ಕಣ್ಣು ಸೈನಿಕನ ಮೇಲಿದ್ದಾಗ ಹೆಬ್ಬೆರಳು ಜಾರಿ ಪಕ್ಕಕ್ಕೆ ಹೋಗಿರುತ್ತೆ. ಹೊಳಲ್ಕೆರೆ ಬಸ್ಸು ಒಂದು ಹಂಪು ಹಾರಿದರೆ ಮುಗಿಯಿತು. ಬ್ಲೂಟೂತ್ ಪ್ಯಾಡ್ ಹಾಕಿದರೆ ಜಾರೋದು ತಪ್ಪುತ್ತೆ, ತಡ ಸ್ವಲ್ಪ ಸೇರುತ್ತೆ. ವೈರ್ ಇರುವ ಒಟಿಜಿ ಪ್ಯಾಡ್ ಇನ್ನೂ ವಾಸಿ. ಇನ್ನೊಂದು ತೊಂದರೆ ಅಮ್ಮನ ಫೋನ್ ಕಾಲ್. ಮಾತು ಮುಗಿಸಿ ಬರೋ ಹೊತ್ತಿಗೆ ಕಡಿಮೆ ರ‍್ಯಾಮ್ ಇರುವ ಫೋನು ಆಟವನ್ನೇ ಕೊಂದು ಹಾಕಿರುತ್ತೆ.

ಪಿಎಸ್‌ಪಿ ಕೈಯಲ್ಲಿ ಹಿಡಿದಾಗ ನಮಗೆಲ್ಲ ಸ್ವಲ್ಪ ಗೌರವ ಬಂತು. 2004ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಯಂತ್ರ, 333 ಮೆಗಾಹರ್ಟ್ಸ್. ತನ್ನದೇ ಆಟಗಳನ್ನೂ ಮೊದಲ ಪ್ಲೇಸ್ಟೇಷನ್ ಆಟಗಳನ್ನೂ ಇವತ್ತಿಗೂ ಚೆಂದ ಆಡಿಸುತ್ತೆ. ಹವ್ಯಾಸಿಗಳು ಬರೆದ ಮಾಸ್ಟರ್‌ಬಾಯ್, ಜಿಪಿಎಸ್‌ಪಿ ಹಾಕಿದರೆ ಗೇಮ್ ಬಾಯ್ ಆಟಗಳೂ ನಡೆಯುತ್ತವೆ. ಹೊಸದುರ್ಗದವನು ಇದನ್ನೇ ಹಿಡಿದು ಕೂತ, ಇದರ ಮುಂದೆ ಯಾವುದೂ ಇಲ್ಲ ಅಂದ. ಆದರೆ ಇಷ್ಟು ವಯಸ್ಸಾದ ಲಿಥಿಯಂ ಬ್ಯಾಟರಿ ಉಬ್ಬೋದು ಸಹಜ. ಹಿಂದಿನ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ ಅಂದರೆ ಮೊದಲು ಬ್ಯಾಟರಿ ಹೊರಗೆ ತೆಗೆದಿಡಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಅದನ್ನ ಅಂಗಡಿಯಲ್ಲೇ ತೆಗೆಸಿ ನೋಡಿ.

ಉಳಿದ ಎರಡು, ಇದೇ ಕೆಲಸಕ್ಕೆ ಅಂತ ಹುಟ್ಟಿದ ಚೀನಾ ಡಬ್ಬಿಗಳು. ಎರಡಕ್ಕೂ 3.5 ಇಂಚಿನ 640x480 ಪರದೆ, ಒಳಗೆ ಲಿನಕ್ಸ್. ಮಿಯೂ ಮಿನಿ ಪ್ಲಸ್‌ನಲ್ಲಿ ಎರಡು ಕಾರ್ಟೆಕ್ಸ್ ಎ7 ಕೋರ್, ರ‍್ಯಾಮ್ ಬರೀ 128 ಎಂಬಿ. ನಮ್ಮ ಕಾಲೇಜು ವೆಬ್‌ಸೈಟಿನ ಒಂದು ಪುಟ ತೆರೆಯೋಕೂ ಅದು ಸಾಲದು, ಆದರೆ ಪ್ಲೇಸ್ಟೇಷನ್‌ವರೆಗಿನ ಎಲ್ಲದಕ್ಕೂ ಸಾಕು. ಓನಿಯನ್ ಅನ್ನೋ ಹವ್ಯಾಸಿಗಳ ಸಾಫ್ಟ್‌ವೇರ್ ಹಾಕಿದರೆ ಬಟನ್ ಒತ್ತಿ ಆಫ್ ಮಾಡಿ, ನಾಳೆ ಆನ್ ಮಾಡಿದಾಗ ಬಿಟ್ಟ ಜಾಗದಲ್ಲೇ ಆಟ ನಿಂತಿರುತ್ತೆ. ಬಸ್ಸಿನಲ್ಲಿ ಸ್ಟಾಪ್ ಬಂದಾಗ ಇದರ ಬೆಲೆ ಗೊತ್ತಾಗುತ್ತೆ. ಆರ್‌ಜಿ35ಎಕ್ಸ್‌ಎಕ್ಸ್ ಎಚ್‌ನಲ್ಲಿ ಆಲ್‌ವಿನ್ನರ್ ಎಚ್700 ಚಿಪ್, ನಾಲ್ಕು ಎ53 ಕೋರ್, 1 ಜಿಬಿ ರ‍್ಯಾಮ್, ಎರಡು ಅನಲಾಗ್ ಸ್ಟಿಕ್. ಅಡ್ಡಕ್ಕೆ ಅಗಲ ಇರೋದರಿಂದ ದೊಡ್ಡ ಕೈಗೆ ಹಿತ. ಡ್ರೀಮ್‌ಕಾಸ್ಟ್, ಪಿಎಸ್‌ಪಿ ಆಟಗಳಲ್ಲಿ ಹಗುರವಾದವನ್ನೂ ಎಳೆಯುತ್ತೆ.

ಓಬವ್ವನ ಆಟದಲ್ಲಿ ಈ ಎರಡರಲ್ಲೂ ನಮ್ಮ ಸ್ಕೋರ್ ಫೋನಿಗಿಂತ ಮೇಲಿತ್ತು. ಬೆರಳಿಗೆ ಬಟನ್ ಸಿಗೋದೇ ಮುಖ್ಯ ಕಾರಣ ಅಂತ ನಮ್ಮ ಅಭಿಪ್ರಾಯ. ರೆಟ್ರೋಆರ್ಚ್‌ನಲ್ಲಿ ‘ರನ್ ಅಹೆಡ್’ ಅಂತ ಒಂದು ಸೆಟ್ಟಿಂಗ್ ಇದೆ. ಆಟ ತನ್ನೊಳಗೇ ಒಂದೆರಡು ಫ್ರೇಮ್ ತಡ ಮಾಡುತ್ತಲ್ಲ, ಅದನ್ನ ಎಮ್ಯುಲೇಟರ್ ಮುಂಚಿತವಾಗಿ ಲೆಕ್ಕ ಹಾಕಿ ನುಂಗಿ ಹಾಕುತ್ತೆ. ಒಂದು ಫ್ರೇಮಿಗೆ ಎರಡು ಸಲ ಆಟ ಓಡಿಸಬೇಕಾದ್ದರಿಂದ ಪ್ರೊಸೆಸರಿಗೆ ದುಡಿಮೆ ಜಾಸ್ತಿ. ಹಳೇ ಚಿಕ್ಕ ಆಟಗಳಿಗೆ ಪರವಾಗಿಲ್ಲ, ಪ್ಲೇಸ್ಟೇಷನ್‌ಗೆ ಹಾಕೋಕೆ ಹೋಗಬೇಡಿ.

ಒತ್ತಕ್ಷರ ಹಿಡಿದುಕೊಟ್ಟ ತಪ್ಪು

ಕನ್ನಡ ಸಂಘದ ಆಟ ಅಂದ ಮೇಲೆ ಆಟದಲ್ಲಿ ಕನ್ನಡ ಇರಬೇಡವೇ? ಇಲ್ಲೇ ನಮ್ಮ ಒಂದು ವಾರ ಹೋಯಿತು. ಗೇಮ್ ಬಾಯ್ ಪರದೆ 160x144 ಚುಕ್ಕಿ, ಎಲ್ಲಾ ಚಿತ್ರವೂ 8x8ರ ಹೆಂಚುಗಳಲ್ಲಿ ಜೋಡಣೆ. ಇಂಗ್ಲಿಷ್ ಅಕ್ಷರ ಒಂದು ಹೆಂಚಿನಲ್ಲಿ ಕೂರುತ್ತೆ. ‘ಚಿತ್ರದುರ್ಗ’ ಕೂರಲ್ಲ. ಗುಡಿಸು ಮೇಲೆ ಹೋಗುತ್ತೆ, ರ ಒತ್ತು ಕೆಳಗೆ ಇಳಿಯುತ್ತೆ, ಅರ್ಕಾವತ್ತು ಪಕ್ಕಕ್ಕೆ ಜಾಗ ಕೇಳುತ್ತೆ. ಓದೋ ಹಾಗೆ ಬರಬೇಕು ಅಂದರೆ ಸಾಲಿಗೆ ಮೂರು ಹೆಂಚಿನ ಎತ್ತರ ಬೇಕಾಯಿತು. ಅಗಲಕ್ಕೆ 20 ಹೆಂಚು, ಎತ್ತರಕ್ಕೆ 3, ಒಂದು ಸಾಲಿಗೆ 60. ಜಿಬಿ ಸ್ಟುಡಿಯೋ ಒಂದು ದೃಶ್ಯಕ್ಕೆ 192 ಬೇರೆ ಬೇರೆ ಹೆಂಚು ಮಾತ್ರ ಕೊಡುತ್ತೆ. ಮೂರು ಸಾಲು ಕನ್ನಡ ತುಂಬಿ ಬರೆದರೆ 180, ಚಿತ್ರಕ್ಕೆ ಉಳಿಯೋದು ಹನ್ನೆರಡು! ಕೊನೆಗೆ ಕಥೆಯನ್ನ ಎರಡೇ ಸಾಲಿಗೆ ಇಳಿಸಿದ್ವಿ.

ಈ ಕಷ್ಟದಿಂದ ಒಂದು ಲಾಭ ಆಯಿತು. ಹಳೇ ಆಟದ ಚಿತ್ರ ಹೊಸ ಪರದೆಗೆ ಹಿಗ್ಗುವಾಗ ಒಂದು ಚುಕ್ಕಿ ಪೂರ್ಣಾಂಕದಷ್ಟು ಸಲ ಹಿಗ್ಗಬೇಕು, ಎರಡು ಪಟ್ಟು, ಮೂರು ಪಟ್ಟು. 2.67 ಪಟ್ಟು ಅಂದರೆ ಒಂದು ಚುಕ್ಕಿ ದಪ್ಪ, ಪಕ್ಕದ್ದು ತೆಳು. ಮಾರಿಯೋ ಮುಖದಲ್ಲಿ ಇದು ಗೊತ್ತಾಗಲ್ಲ. ‘ತ್ರ’ದ ಕೆಳಗಿನ ಒತ್ತಿನಲ್ಲಿ ಕೂಡಲೇ ಗೊತ್ತಾಗುತ್ತೆ, ಕಾಲು ಮುರಿದ ಹಾಗೆ ಕಾಣುತ್ತೆ.

640x480 ಪರದೆಯಲ್ಲಿ ಗೇಮ್ ಬಾಯ್ ಸರಿಯಾಗಿ ಮೂರು ಪಟ್ಟು, 480x432. ಸುತ್ತ ಸ್ವಲ್ಪ ಕಪ್ಪು ಉಳಿಯುತ್ತೆ, ಒತ್ತು ಸ್ಪಷ್ಟ. ಪ್ಲೇಸ್ಟೇಷನ್‌ನ 320x240 ಇದೇ ಪರದೆಗೆ ಎರಡು ಪಟ್ಟಾಗಿ ಅಂಚಿನಿಂದ ಅಂಚಿಗೆ ಕೂರುತ್ತೆ, ಈ ಅಳತೆಯ ಪರದೆಯನ್ನ ಇಷ್ಟು ಜನ ಬಯಸೋದೂ ಅದಕ್ಕೇ. ಪಿಎಸ್‌ಪಿ ಪರದೆ 480x272. ಅಲ್ಲಿ ಗೇಮ್ ಬಾಯ್ ಚಿತ್ರ ಒಂದೇ ಪಟ್ಟು ಇದ್ದರೆ ಅಂಚೆಚೀಟಿ, ಹಿಗ್ಗಿಸಿದರೆ 1.89 ಪಟ್ಟಾಗಿ ಮಸುಕು. ಹೊಸದುರ್ಗದವನ ಮುಖ ಅಲ್ಲಿ ಸ್ವಲ್ಪ ಸಪ್ಪೆ ಆಯಿತು. ಗೇಮ್ ಬಾಯ್ ಅಡ್ವಾನ್ಸ್‌ನ 240x160 ಚಿತ್ರ 640x480ರಲ್ಲಿ ಎರಡು ಪಟ್ಟಷ್ಟೇ ಸರಿಯಾಗಿ ಹಿಗ್ಗುತ್ತೆ, ಪರದೆಯ ಮುಕ್ಕಾಲು ಅಗಲಕ್ಕೇ ನಿಲ್ಲುತ್ತೆ. ಅಡ್ವಾನ್ಸ್ ಆಟಗಳೇ ಮುಖ್ಯ ಅನ್ನುವವರು 720x480 ಪರದೆ ಇರುವ ಆರ್‌ಜಿ34ಎಕ್ಸ್‌ಎಕ್ಸ್ ನೋಡಿ, ಅಲ್ಲಿ ಕರಾರುವಾಕ್ ಮೂರು ಪಟ್ಟು. ಫೋನಿನ 1080 ಚುಕ್ಕಿ ಎತ್ತರದಲ್ಲಿ ಗೇಮ್ ಬಾಯ್ ಏಳು ಪಟ್ಟು ಹೋಗುತ್ತೆ. ಇದೊಂದು ಪರೀಕ್ಷೆಯಲ್ಲಿ ಫೋನೇ ಫಸ್ಟ್ ಕ್ಲಾಸ್. ಯಾವ ಡಬ್ಬಿಯಲ್ಲಾದರೂ ಸೆಟ್ಟಿಂಗ್‌ನಲ್ಲಿ ‘ಇಂಟಿಜರ್ ಸ್ಕೇಲ್’ ಆನ್ ಮಾಡಿ ನೋಡಿ, ಕಾಸು ಖರ್ಚಿಲ್ಲದ ಸುಧಾರಣೆ ಅದು.

‘ಹತ್ತು ಸಾವಿರ ಗೇಮ್ ಫ್ರೀ’

ಅಲಿಎಕ್ಸ್‌ಪ್ರೆಸ್ 2020ರ ನವೆಂಬರ್‌ನಲ್ಲಿ ನಮ್ಮಲ್ಲಿ ನಿಷೇಧವಾದ ಮೇಲೆ ಈ ಚೀನಾ ಡಬ್ಬಿಗಳು ನಡುವಿನ ಮಾರಾಟಗಾರರ ಕೈ ದಾಟಿಯೇ ಬರೋದು. ಅವರು ಹೇಳುವ ಮೊದಲ ಮಾತೇ ‘ಹತ್ತು ಸಾವಿರ ಗೇಮ್ ಇರುವ ಕಾರ್ಡ್ ಫ್ರೀ’ ಅಂತ. ಆ ಕಾರ್ಡಿಗೆ ಅಂತ ಹೆಚ್ಚು ದುಡ್ಡು ಕೊಡಬೇಡಿ. ಒಂದು, ಆ ಆಟಗಳು ಮಾರುವವನದಲ್ಲ. ಎರಡು, ಜೊತೆಗೆ ಬರುವ ಅಗ್ಗದ ಕಾರ್ಡ್ ಯಾವಾಗ ಕೈಕೊಡುತ್ತೆ ಹೇಳೋಕಾಗಲ್ಲ. ನಮಗೇ ಆಯಿತು. ಯಾವ ಡಬ್ಬಿಯದು ಅನ್ನೋದು ಮುಖ್ಯ ಅಲ್ಲ, ಒಂಬತ್ತನೇ ದಿನ ಕಾರ್ಡ್ ಓದೋದೇ ನಿಂತಿತು, ಹಿರಿಯೂರಿನವಳು ದಿನಾ ಬಸ್ಸಿನಲ್ಲಿ ಆಡಿ ಮುಂದೆ ತಂದಿದ್ದ ಆಟ ಪೂರ್ತಿ ಹೋಯಿತು. ಒಂದು ಸೇವ್ ಸ್ಟೇಟ್ ಅಂದರೆ ಆ ಕ್ಷಣದ ರ‍್ಯಾಮ್ ಮತ್ತು ರಿಜಿಸ್ಟರ್‌ಗಳ ಫೋಟೋ. ಗೇಮ್ ಬಾಯ್‌ನಲ್ಲಿ ಕೆಲಸದ ರ‍್ಯಾಮ್ 8 ಕೆಬಿ, ಚಿತ್ರದ ರ‍್ಯಾಮ್ ಇನ್ನೊಂದು 8 ಕೆಬಿ. ಇಷ್ಟು ಚಿಕ್ಕ ಫೈಲು, ವಾಟ್ಸ್ಯಾಪಿನಲ್ಲಿ ತನಗೆ ತಾನೇ ಕಳಿಸಿಕೊಂಡಿದ್ದರೂ ಉಳೀತಿತ್ತು. ಡಬ್ಬಿ ಬಂದ ದಿನವೇ ಒಳ್ಳೆ ಅಂಗಡಿಯಲ್ಲಿ ಒಂದು ಹೊಸ ಕಾರ್ಡ್ ತಗೊಂಡು ಎಲ್ಲಾ ಅದಕ್ಕೆ ನಕಲು ಮಾಡಿ.

ಕಾನೂನಿನ ಮಾತು ಚಿಕ್ಕದಾಗಿ. ಎಮ್ಯುಲೇಟರ್ ಬರೆಯೋದು, ಬಳಸೋದು ತಪ್ಪಲ್ಲ. ಅಮೆರಿಕದಲ್ಲಿ ಕನೆಕ್ಟಿಕ್ಸ್ ಕಂಪನಿಯ ಪ್ಲೇಸ್ಟೇಷನ್ ಎಮ್ಯುಲೇಟರ್ ಮೇಲೆ ಸೋನಿ ಹಾಕಿದ ಕೇಸು 2000ರಲ್ಲಿ ಸೋನಿ ವಿರುದ್ಧವೇ ಹೋಯಿತು. ಆದರೆ ಹೊಸ ಯಂತ್ರದ ಬೀಗ ಮುರಿಯೋ ವಿಷಯಕ್ಕೆ ಬಂದಾಗ 2024ರಲ್ಲಿ ಯುಜು ಬರೆದವರು ನಿಂಟೆಂಡೋಗೆ 24 ಲಕ್ಷ ಡಾಲರ್ ಕಟ್ಟೋಕೆ ಒಪ್ಪಿ ಅಂಗಡಿ ಮುಚ್ಚಿದರು. ನಮ್ಮ 1957ರ ಕಾಪಿರೈಟ್ ಕಾಯಿದೆಯ 52ನೇ ಸೆಕ್ಷನ್, ಕಾನೂನುಬದ್ಧವಾಗಿ ಪ್ರೋಗ್ರಾಂ ಹೊಂದಿದವರು ಅದು ಹಾಳಾದರೆ ಇರಲಿ ಅಂತ ಬ್ಯಾಕಪ್ ನಕಲು ಇಟ್ಟುಕೊಳ್ಳೋಕೆ ಅವಕಾಶ ಕೊಡುತ್ತೆ. ಅಸಲಿ ಕಾರ್ಟ್ರಿಜ್ ನಿಮ್ಮಲ್ಲಿದ್ದರೆ ಒಂದು ಮಾತು, ನೆಟ್ಟಿನಿಂದ ಇಳಿಸಿದ್ದು ಬೇರೆ ಮಾತು. ‘ಹಳೇದಾಯ್ತು ಬಿಡು’ ಅನ್ನೋದಕ್ಕೂ ಆಧಾರ ಇಲ್ಲ, ನಮ್ಮಲ್ಲಿ ಹೇಗೆ ಲೆಕ್ಕ ಹಾಕಿದರೂ ಪ್ರಕಟವಾಗಿ 60 ವರ್ಷ ಕಳೆಯದೆ ಹಕ್ಕು ಮುಗಿಯಲ್ಲ. ಹವ್ಯಾಸಿಗಳು ಈಗಲೂ ಹೊಸದಾಗಿ ಬರೆದು ಬಿಡುತ್ತಿರುವ ಆಟಗಳಿವೆ, ಗೇಮ್ ಬಾಯ್‌ಗೆ ತೋಬು ತೋಬು ಗರ್ಲ್, ನಿಂಟೆಂಡೋಗೆ ದುಡ್ಡು ಕೊಟ್ಟು ತಗೊಳ್ಳುವ ಮೈಕ್ರೋ ಮೇಜಸ್. ಎರಡನೆಯದು ಬರೀ 40 ಕೆಬಿ. ನಮ್ಮ ಲ್ಯಾಬ್ ರೆಕಾರ್ಡಿನ ಒಂದು ಸ್ಕ್ಯಾನ್ ಪುಟ ಅದಕ್ಕಿಂತ ದೊಡ್ಡದು.

ಕೇಳದೇ ಬಿಟ್ಟ ಪ್ರಶ್ನೆ

ಹದಿನಾಲ್ಕನೇ ದಿನ ನಾವು ತೀರ್ಪು ಬರೆದಾಗಿತ್ತು. ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಮಿಯೂ ಮಿನಿ ಪ್ಲಸ್. ಜೇಬಿಗೆ ಹೋಗುತ್ತೆ, ಬಿಟ್ಟ ಜಾಗದಿಂದ ಶುರು ಆಗುತ್ತೆ, 3000 ಎಂಎಎಚ್ ಬ್ಯಾಟರಿಯಲ್ಲಿ ಹೋಗಿ ಬರೋ ದಾರಿ ಎರಡೂ ಕಳೆಯುತ್ತೆ. ದುಡ್ಡೇ ಇಲ್ಲದವರಿಗೆ ಫೋನು ಮತ್ತು ವೈರ್ ಪ್ಯಾಡು. ಇದನ್ನ ಹೊಳಲ್ಕೆರೆಯವನಿಗೆ ಓದಿ ಹೇಳಿದ್ವಿ. ಅವನು ಎಲ್ಲಾ ಕೇಳಿ, “ಟಿವಿಗೆ ಹಾಕೋಕಾಗುತ್ತಾ?” ಅಂದ.

ಆಗಲ್ಲ. ಮಿಯೂಗೆ ಎಚ್‌ಡಿಎಂಐ ಕಿಂಡಿಯೇ ಇಲ್ಲ. ಅಗ್ಗ ಅಂತ ಹೆಸರಾದ ಆರ್36ಎಸ್‌ಗೂ ಇಲ್ಲ. ನಮ್ಮ ಬಜೆಟ್ ಫೋನುಗಳಲ್ಲಿ ಬಹುಪಾಲು ಯುಎಸ್‌ಬಿಯಿಂದ ಟಿವಿಗೆ ಚಿತ್ರ ಕಳಿಸಲ್ಲ.

ಟಿವಿ ಯಾಕೋ ಅಂತ ಕೇಳಿದ್ವಿ. ಚಿಕ್ಕವನಿದ್ದಾಗ ಅವನ ಅಣ್ಣ, ಅವನು ಟಿವಿ ಮುಂದೆ ಎರಡು ಪ್ಯಾಡ್ ಹಿಡಿದು ಕಾಂಟ್ರಾ ಆಡ್ತಿದ್ದರಂತೆ, 9999 ಇನ್ 1 ಅಂತ ಬರೆದಿದ್ದ ಹಳದಿ ಕಾರ್ಟ್ರಿಜ್‌ನಲ್ಲಿ. ಅಣ್ಣ ಪಿಯುಸಿಗೇ ಓದು ಬಿಟ್ಟು ಈಗ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡ್ತಾನೆ. ಇವನ ಕಾಲೇಜು ಫೀ ಕಟ್ಟೋದೂ ಅವನೇ. ಹಬ್ಬಕ್ಕೆ ಬಂದರೂ ಎರಡು ದಿನ, ಅದರಲ್ಲಿ ಒಂದು ದಿನ ನಿದ್ದೆ. “ಯುಗಾದಿಗೆ ಬರ್ತಾನೆ. ಒಂದು ಸಲ ಇಬ್ಬರೂ ಕೂತು ಆಡಬೇಕು, ಅಷ್ಟೇ” ಅಂದ.

ಎರಡು ವಾರ ಚುಕ್ಕಿ ಎಣಿಸಿದ ನಾವು ‘ಯಾರ ಜೊತೆ ಆಡ್ತೀಯ’ ಅಂತ ಒಂದು ಸಲವೂ ಕೇಳಿರಲಿಲ್ಲ. ಟಿವಿ, ಇಬ್ಬರು ಆಟಗಾರರು ಅಂತ ಎರಡು ಷರತ್ತು ಸೇರಿಸಿದ ಕೂಡಲೇ ನಮ್ಮ ಪಟ್ಟಿ ತಲೆಕೆಳಗಾಯಿತು. ಪಿಎಸ್‌ಪಿ ಹೋಯಿತು, ಎರಡನೇ ಪ್ಯಾಡ್ ಹಾಕೋ ಜಾಗವೇ ಅದಕ್ಕಿಲ್ಲ. ವಿಚಿತ್ರ ಅಂದರೆ ಜಾತ್ರೆ ಡಬ್ಬಿ ಮೇಲೆ ಬಂತು, ಅದಕ್ಕೆ ಎವಿ ವೈರ್ ಇದೆ, ಎರಡನೇ ಪ್ಯಾಡ್ ಕೊಡುವ ಮಾಡೆಲ್ಲೂ ಇದೆ. ಐನೂರು ರೂಪಾಯಿ ಆಸುಪಾಸಿನಲ್ಲಿ ಅವನ ಆಸೆ ತೀರಿ ಆರೂವರೆ ಸಾವಿರ ಉಳೀತಿತ್ತು. ಆದರೆ ಅವರ ಮನೆಗೆ ಹೋದ ವರ್ಷ ಬಂದ ಟಿವಿಯಲ್ಲಿ ಹಳದಿ, ಕೆಂಪು, ಬಿಳಿ ತೂತುಗಳೇ ಇಲ್ಲ.

ಉಳಿದದ್ದು ಆರ್‌ಜಿ35ಎಕ್ಸ್‌ಎಕ್ಸ್ ಎಚ್. ಮೇಲಂಚಿನಲ್ಲಿ ಮಿನಿ ಎಚ್‌ಡಿಎಂಐ ಇದೆ, ಯುಎಸ್‌ಬಿ ಇಲ್ಲವೇ ಬ್ಲೂಟೂತ್ ಪ್ಯಾಡ್ ಸೇರಿಸಬಹುದು. ಸೀನಿಯರ್‌ಗೆ ಫೋನ್ ಮಾಡಿ ವಿಷಯ ಹೇಳಿದ್ವಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಲ್ಲಿ ಬಿಟ್ಟು ಬಂದಿರೋದನ್ನೇ ಅವನಿಗೆ ಕೊಟ್ಟುಬಿಡಿ, ಸೆಕೆಂಡ್ ಹ್ಯಾಂಡ್ ರೇಟು ಹಾಕಿಕೊಳ್ಳಿ ಅಂದರು. ಏಳು ಸಾವಿರದೊಳಗೇ ಮುಗಿದು ಹೊಸ ಕಾರ್ಡಿಗೂ ದುಡ್ಡು ಉಳಿಯಿತು. ಕಾಂಟ್ರಾ ವಿಷಯದಲ್ಲಿ ಅವನಿಗೆ ಮೇಲಿನ ಪ್ಯಾರಾ ಓದಿ ಹೇಳಿದ್ದೀವಿ. ಕೊನಾಮಿ 2019ರಲ್ಲಿ ಹಳೇ ಕಾಂಟ್ರಾಗಳನ್ನ ಒಂದು ಕಟ್ಟಾಗಿ ಸ್ಟೀಮ್‌ನಲ್ಲಿ ಮಾರೋಕೆ ಬಿಟ್ಟಿದೆ ಅಂತಲೂ, ಆದರೆ ಅದು ಕಂಪ್ಯೂಟರಿನಲ್ಲಿ ಓಡೋದು, ಈ ಡಬ್ಬಿಯಲ್ಲಲ್ಲ ಅಂತಲೂ. ಚಿಕ್ಕಂದಿನ ಆ ಹಳದಿ ಕಾರ್ಟ್ರಿಜ್ಜೂ ಅಸಲಿ ಆಗಿರಲಿಲ್ಲವಲ್ಲ ಅಂತ ಅವನು ನಕ್ಕ. ಮೈಕ್ರೋ ಮೇಜಸ್ ತಗೊಂಡಿದ್ದಾನೆ, ಅದನ್ನ ನಾಲ್ಕು ಜನರವರೆಗೂ ಆಡಬಹುದು. ಓಬವ್ವನ ಆಟ ನಮ್ಮ ಕಡೆಯಿಂದ ಉಚಿತ.

ಈಗ ಎರಡು ಕೆಲಸ ಬಾಕಿ. ಮಿನಿ ಎಚ್‌ಡಿಎಂಐ ಕೇಬಲ್ ಇಲ್ಲಿ ಮೂರು ಅಂಗಡಿ ಸುತ್ತಿದರೂ ಸಿಗಲಿಲ್ಲ. ಎಲ್ಲರೂ ಮೈಕ್ರೋ ತೋರಿಸ್ತಾರೆ, ಅದು ಬೇರೆ. ಹಾಗಾಗಿ ಆನ್‌ಲೈನ್ ಆರ್ಡರ್ ಹಾಕಿದ್ದಾಗಿದೆ. ಇನ್ನೊಂದು, ಅವನಿಗೆ ಎರಡು ಪ್ಯಾಡ್ ಬೇಕು, ಕೈಯಲ್ಲಿರೋದು ಒಂದು. ಹಾಸ್ಟೆಲ್ಲಿನಲ್ಲಿ ಯಾರ ಹತ್ತಿರವಾದರೂ ಯುಎಸ್‌ಬಿ ಗೇಮ್ ಪ್ಯಾಡ್ ಸುಮ್ಮನೆ ಬಿದ್ದಿದ್ದರೆ ಯುಗಾದಿ ವಾರದ ಮಟ್ಟಿಗೆ ಕೊಡಿ, ಕ್ಲಬ್ ರೂಮಿನಲ್ಲಿ ಹೆಸರು ಬರೆದಿಟ್ಟರೆ ಸಾಕು. ವಾಪಸ್ ಬರುವ ಜವಾಬ್ದಾರಿ ನಮ್ಮದು.